ಕಾರ್ಟೂನು ತೋರಿಸಿದ ಪುಣ್ಯಕ್ಷೇತ್ರಗಳು

ಕಾಮಾಕುರಾ ಜಪಾನಿನ ಪುರಾತನ ನಗರಗಳಲ್ಲೊಂದು. ಟೋಕಿಯೋದಿಂದ ರೈಲಿನಲ್ಲಿ ಸುಮಾರು ಒಂದು ಗಂಟೆಯ ಹಾದಿ. ಹದಿಮೂರನೆಯ ಶತಮಾನದ ಬೃಹತ್ ಕಂಚಿನ ಬುದ್ಧ, ಝೆನ್ ಪಂಥದ ಮಠಗಳು, ಬೆಟ್ಟದ ತಪ್ಪಲಿನ ದೇಗುಲಗಳು ಎಂದು ನೋಡುತ್ತ ಹೋದರೆ ಎರಡು ದಿನ ಸಾಲದು. ಆದರೆ ಅಲ್ಲಿಗೆ ಬರುವವರಲ್ಲಿ ಒಂದು ಗುಂಪು ಬುದ್ಧನ ಕಡೆ ತಿರುಗಿಯೂ ನೋಡುವುದಿಲ್ಲ. ಎನೊಡೆನ್ ಎಂಬ ಪುಟ್ಟ ರೈಲು ಹತ್ತಿ, ಕಡಲ ದಂಡೆಯ ಮೇಲಿರುವ ‘ಕಾಮಾಕುರಾ-ಕೋಕೋ-ಮಾಎ’, ಅಂದರೆ ‘ಕಾಮಾಕುರಾ ಹೈಸ್ಕೂಲಿನ ಮುಂದೆ’ ಎಂಬ ಹೆಸರಿನ ನಿಲ್ದಾಣದಲ್ಲಿ ಇಳಿಯುತ್ತದೆ. ಅಲ್ಲಿಂದ ನಾಲ್ಕು ಹೆಜ್ಜೆ ನಡೆದರೆ ಒಂದು ರೈಲ್ವೆ ಗೇಟು. ಇಳಿಜಾರು ರಸ್ತೆ, ಅದಕ್ಕಡ್ಡವಾಗಿ ಹಳಿ, ಹಳಿಯಾಚೆ ನೀಲಿ ಸಮುದ್ರ. ಅಷ್ಟೇ.

ಗಂಟೆ ಬಾರಿಸುತ್ತದೆ, ಅಡ್ಡಗಂಬ ಇಳಿಯುತ್ತದೆ, ಹಸಿರು ಬಣ್ಣದ ರೈಲು ಹಾದುಹೋಗುತ್ತದೆ. ನೆರೆದವರೆಲ್ಲ ಕ್ಯಾಮೆರಾ ಎತ್ತುತ್ತಾರೆ. ತೈವಾನ್, ಕೊರಿಯಾ, ಚೀನಾ, ಥಾಯ್ಲೆಂಡ್‌ಗಳಿಂದ ಬಂದವರೂ ಅವರಲ್ಲಿದ್ದಾರೆ. ಆ ಗೇಟಿನ ಬಳಿ ಯಾವ ಯುದ್ಧವೂ ನಡೆದಿಲ್ಲ, ಯಾವ ಸಂತನೂ ಹುಟ್ಟಿಲ್ಲ. ೧೯೯೩ರಿಂದ ೧೯೯೬ರವರೆಗೆ ಜಪಾನಿನ ಟಿ.ವಿ.ಯಲ್ಲಿ ಬಂದ ‘ಸ್ಲ್ಯಾಮ್ ಡಂಕ್’ ಎಂಬ ಬ್ಯಾಸ್ಕೆಟ್‌ಬಾಲ್ ಕಾರ್ಟೂನ್ ಧಾರಾವಾಹಿಯ ಶೀರ್ಷಿಕೆ ಗೀತೆಯಲ್ಲಿ ಆ ಗೇಟು ಕೆಲವು ಕ್ಷಣ ಕಾಣಿಸಿಕೊಂಡಿತ್ತು. ಅದನ್ನು ನೋಡುತ್ತ ಬೆಳೆದ ಏಷ್ಯಾದ ಮಕ್ಕಳು ಈಗ ಸಂಬಳ ಎಣಿಸುವ ವಯಸ್ಸಿಗೆ ಬಂದಿದ್ದಾರೆ. ವಿಮಾನದ ಟಿಕೆಟ್ ಕೊಂಡು ಬರುತ್ತಿದ್ದಾರೆ. ೨೦೨೨ರ ಡಿಸೆಂಬರಿನಲ್ಲಿ ಅದೇ ಕಥೆಯ ಹೊಸ ಚಲನಚಿತ್ರ ತೆರೆಕಂಡ ಮೇಲಂತೂ ಗುಂಪು ಇನ್ನಷ್ಟು ಬೆಳೆಯಿತು.

ಜಪಾನಿನ ಕಾರ್ಟೂನ್ ಚಿತ್ರಗಳಿಗೆ ‘ಅನಿಮೆ’ ಎಂದು ಹೆಸರು. ಅವುಗಳಲ್ಲಿ ಬಂದ ಜಾಗಗಳನ್ನು ಹುಡುಕಿಕೊಂಡು ಹೋಗುವ ಪ್ರವಾಸಕ್ಕೆ ಅಲ್ಲಿನ ಅಭಿಮಾನಿಗಳು ಇಟ್ಟುಕೊಂಡ ಹೆಸರು ‘ಸೇಚಿ ಜುನ್‌ರೇ’. ಸೇಚಿ ಎಂದರೆ ಪುಣ್ಯಕ್ಷೇತ್ರ, ಜುನ್‌ರೇ ಎಂದರೆ ಯಾತ್ರೆ. ಶಿಕೋಕು ದ್ವೀಪದಲ್ಲಿ ಕೂಕಾಯ್ ಎಂಬ ಬೌದ್ಧ ಗುರುವಿನ ನೆನಪಿನಲ್ಲಿ ೮೮ ದೇವಾಲಯಗಳನ್ನು ಸುತ್ತುವ, ಸುಮಾರು ೧,೨೦೦ ಕಿಲೋಮೀಟರ್ ಉದ್ದದ ಯಾತ್ರೆಯೊಂದು ಶತಮಾನಗಳಿಂದ ನಡೆದುಬಂದಿದೆ. ಅಂಥ ಗಂಭೀರ ಸಂಪ್ರದಾಯಕ್ಕೆ ಸಲ್ಲುವ ಮಾತನ್ನು ಹುಡುಗರು ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ ಎತ್ತಿಕೊಂಡಿದ್ದಾರೆ. ಆ ಅರ್ಧ ನಿಜ ಎಲ್ಲಿಂದ ಬಂತು ಎನ್ನುವುದೇ ಕುತೂಹಲದ ಸಂಗತಿ.

ಸಿನಿಮಾ ಚಿತ್ರೀಕರಣವಾದ ಜಾಗ ನೋಡುವ ಚಪಲ ನಮಗೂ ಹೊಸದಲ್ಲ. ‘ಮಾಲ್ಗುಡಿ ಡೇಸ್’ ಧಾರಾವಾಹಿಯ ಮನೆ ನೋಡಬೇಕೆಂದು ಆಗುಂಬೆಗೆ ಹೋಗುವವರಿದ್ದಾರೆ. ಅದರ ದೃಶ್ಯಗಳಲ್ಲಿ ಬಂದ ಶಿವಮೊಗ್ಗ ಜಿಲ್ಲೆಯ ಅರಸಾಳು ರೈಲು ನಿಲ್ದಾಣ ೨೦೨೦ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವೇ ಆಯಿತು. ಆದರೆ ಒಂದು ವ್ಯತ್ಯಾಸವಿದೆ. ಅಲ್ಲಿ ನಟರು ನಿಜವಾಗಿ ಬಂದು ನಿಂತಿದ್ದರು, ಶಂಕರ್‌ನಾಗ್ ಕ್ಯಾಮೆರಾ ಇಡಿಸಿದ್ದರು. ಕಾಮಾಕುರಾದ ಗೇಟಿನ ಬಳಿ ಕಾರ್ಟೂನಿನ ಹುಡುಗ ಎಂದೂ ನಿಂತಿರಲಿಲ್ಲ. ಅವನು ಕಾಗದದ ಮೇಲಿನ ಗೆರೆ. ನಿಂತಿದ್ದು ಯಾರಾದರೂ ಇದ್ದರೆ ಚಿತ್ರಕಾರ ಮಾತ್ರ. ನೂರು ಜನ ದಿನವೂ ದಾಟುವ ಗೇಟನ್ನು ಅವನು ಒಮ್ಮೆ ನಿಂತು ನೋಡಿದ; ಗೇಟಿನ ಬಣ್ಣ, ತಂತಿಗಳ ಜೋಲು, ಸಂಜೆಯ ಬೆಳಕು ಎಲ್ಲವನ್ನೂ ಬರೆದುಕೊಂಡ. ಯಾತ್ರಿಕ ಬಂದು ನಿಲ್ಲುವುದು ಆ ನೋಟ ಹೊರಟ ಜಾಗದಲ್ಲಿ.

ಚಿತ್ರಕಾರರು ಹೀಗೆ ಊರೂರು ಅಲೆಯುವ ಅಭ್ಯಾಸಕ್ಕೆ ಅರ್ಧ ಶತಮಾನದ ವಯಸ್ಸಾಗಿದೆ. ೧೯೭೪ರಲ್ಲಿ ಪ್ರಸಾರವಾದ ‘ಹೈಡಿ’ ಧಾರಾವಾಹಿಗಾಗಿ ಇಸಾವೊ ತಾಕಾಹಾತಾ, ಹಯಾವೊ ಮಿಯಾಝಾಕಿ ಮತ್ತು ಸಂಗಡಿಗರು ಹಿಂದಿನ ವರ್ಷ ಸ್ವಿಟ್ಜರ್ಲೆಂಡಿಗೇ ಹೋಗಿ ಆಲ್ಪ್ಸ್ ಬೆಟ್ಟದ ಹುಲ್ಲುಗಾವಲು, ಮರದ ಮನೆಗಳನ್ನು ನೋಡಿಬಂದಿದ್ದರು. ಟಿ.ವಿ. ಕಾರ್ಟೂನಿಗಾಗಿ ಇಷ್ಟು ಖರ್ಚೇ ಎಂದು ಆಗ ಅನ್ನಿಸಿರಬಹುದು. ಆದರೆ ಈಗ ಅದು ಮಾಮೂಲು. ವಾರಕ್ಕೊಂದು ಕಂತು ಮುಗಿಸಬೇಕಾದ ಸ್ಟುಡಿಯೋಗಳಿಗೆ ನೂರಾರು ಹಿನ್ನೆಲೆ ಚಿತ್ರಗಳು ಬೇಕು. ಎಲ್ಲವನ್ನೂ ಕಲ್ಪಿಸಿ ಬರೆಯುವುದಕ್ಕಿಂತ ಒಂದು ಊರಿಗೆ ಹೋಗಿ ಫೋಟೋ ತೆಗೆದು ತಂದು, ಅದನ್ನು ಆಧರಿಸಿ ಬರೆಯುವುದು ಸಲೀಸು. ಡಿಜಿಟಲ್ ಕ್ಯಾಮೆರಾ ಬಂದ ಮೇಲೆ ಒಂದೇ ದಿನದಲ್ಲಿ ಸಾವಿರ ಫೋಟೋ ತೆಗೆದರೂ ಫಿಲ್ಮಿನ ಖರ್ಚಿಲ್ಲ. ಕಥೆಗಳೂ ಬದಲಾದವು. ದೈತ್ಯ ಯಂತ್ರಮಾನವರ ಕಾಳಗದ ಜೊತೆಗೆ ಶಾಲೆಗೆ ಹೋಗುವ, ತಿಂಡಿ ತಿನ್ನುವ, ಹರಟುವ ಹುಡುಗಿಯರ ದಿನನಿತ್ಯದ ಕಥೆಗಳು ಬಂದವು. ಅಂಥ ಕಥೆಗೆ ನಂಬುವಂಥ ಬೀದಿ ಬೇಕಲ್ಲ!

ಬಹಳಷ್ಟು ಸಲ ಜಾಗದ ಹೆಸರನ್ನು ತಯಾರಕರು ಹೇಳುವುದಿಲ್ಲ, ಅಥವಾ ಬದಲಿಸಿಬಿಡುತ್ತಾರೆ. ಅಭಿಮಾನಿಗಳು ಪತ್ತೇದಾರರಂತೆ ಹುಡುಕುತ್ತಾರೆ. ಒಂದು ಅಂಗಡಿಯ ಫಲಕ, ಬೆಟ್ಟದ ಅಂಚು, ಸೇತುವೆಯ ಕಂಬಿ, ಇಷ್ಟು ಸಿಕ್ಕರೆ ಸಾಕು. ಸಿಕ್ಕಿದ ಮೇಲೆ ಅಲ್ಲಿಗೆ ಹೋಗಿ, ಚಿತ್ರದಲ್ಲಿದ್ದ ಕೋನದಿಂದಲೇ ಫೋಟೋ ತೆಗೆದು ಎರಡನ್ನೂ ಅಕ್ಕಪಕ್ಕ ಇಡುತ್ತಾರೆ. ಹೆಜ್ಜೆ ಹಿಂದೆ ಇಟ್ಟು, ಮುಂದೆ ಇಟ್ಟು, ಮಂಡಿಯೂರಿ, ಕೊನೆಗೆ ಗೆರೆಗೆ ಗೆರೆ ಕೂಡಿದಾಗ ಆಗುವ ಸಂತೋಷವೇ ಈ ಯಾತ್ರೆಯ ದರ್ಶನ.

ಜಪಾನೀಯರಿಗೆ ಇದು ತೀರಾ ಹೊಸ ಚಟ ಎನ್ನುವಂತೆಯೂ ಇಲ್ಲ. ಅಲ್ಲಿನ ಹಳೆಯ ಕಾವ್ಯದಲ್ಲಿ ‘ಉತಾಮಾಕುರಾ’ ಎಂಬುದೊಂದಿದೆ. ಅಕ್ಷರಶಃ ‘ಕವಿತೆಯ ದಿಂಬು’ ಎಂದರ್ಥ. ಕವಿಗಳು ಮತ್ತೆ ಮತ್ತೆ ಹಾಡಿದ ಕಾರಣದಿಂದಲೇ ಪ್ರಸಿದ್ಧವಾದ ಬೆಟ್ಟ, ಹೊಳೆ, ಗಡಿಕಟ್ಟೆಗಳಿಗೆ ಆ ಹೆಸರು. ಹಾಡಿದವರಲ್ಲಿ ಎಷ್ಟೋ ಮಂದಿ ಆ ಜಾಗವನ್ನು ಕಂಡವರೇ ಅಲ್ಲ. ನೋಯಿನ್ ಎಂಬ ಪ್ರಾಚೀನ ಕವಿಯ ಬಗ್ಗೆ ಒಂದು ತಮಾಷೆಯ ಕಥೆಯಿದೆ. ದೂರದ ಶಿರಾಕಾವಾ ಗಡಿಕಟ್ಟೆಯ ಮೇಲೆ ಮನೆಯಲ್ಲೇ ಕುಳಿತು ಒಳ್ಳೆಯ ಪದ್ಯ ಕಟ್ಟಿದ ಆತ, ಹೋಗಿಬಂದವನಂತೆ ತೋರಲೆಂದು ಬಹಳ ದಿನ ಬಾಗಿಲು ಹಾಕಿಕೊಂಡು ಬಿಸಿಲಿಗೆ ಮುಖ ಸುಟ್ಟುಕೊಂಡನಂತೆ! ೧೬೮೯ರಲ್ಲಿ ಕವಿ ಬಾಶೋ ಉತ್ತರದ ಸೀಮೆಗೆ ತಿಂಗಳುಗಟ್ಟಲೆ ನಡೆದುಹೋದದ್ದು ಇಂಥ ಉತಾಮಾಕುರಾಗಳನ್ನು ಕಣ್ಣಾರೆ ನೋಡಲಿಕ್ಕೆ. ತನಗಿಂತ ಐದು ಶತಮಾನ ಹಿಂದಿನ ಕವಿ ಸೈಗ್ಯೋ ಹಾಡಿದ ವಿಲೋ ಮರದ ಬುಡದಲ್ಲಿ ಆತ ಹೋಗಿ ನಿಂತ. ಕೈಯಲ್ಲಿ ಫೋನು ಇರಲಿಲ್ಲ ಎನ್ನುವುದನ್ನು ಬಿಟ್ಟರೆ ರೈಲ್ವೆ ಗೇಟಿನ ಹುಡುಗರಿಗೂ ಬಾಶೋಗೂ ಅಂಥ ಅಂತರ ಕಾಣುವುದಿಲ್ಲ.

ಅನಿಮೆ ಯಾತ್ರೆ ೧೯೯೦ರ ದಶಕದಲ್ಲೇ ಅಲ್ಲಲ್ಲಿ ಸಣ್ಣದಾಗಿ ಶುರುವಾಗಿತ್ತು. ಆದರೆ ಪತ್ರಿಕೆಗಳು ಗಮನಿಸುವಂತೆ ಮಾಡಿದ್ದು ೨೦೦೭ರ ‘ಲಕ್ಕಿ ಸ್ಟಾರ್’. ಟೋಕಿಯೋದ ಉತ್ತರಕ್ಕಿರುವ ಸೈತಾಮಾ ಪ್ರಾಂತ್ಯದ ವಾಶಿಮಿಯಾ ಎಂಬ ಪಟ್ಟಣದಲ್ಲಿ ವಾಶಿನೊಮಿಯಾ ಎಂಬ ಪುರಾತನ ಶಿಂಟೋ ದೇವಾಲಯವಿದೆ. ಧಾರಾವಾಹಿಯ ಇಬ್ಬರು ಅವಳಿ ಸೋದರಿಯರ ತಂದೆ ಅರ್ಚಕ; ಅವರ ಮನೆಯ ದೇಗುಲಕ್ಕೆ ಮಾದರಿ ಇದೇ ಎಂದು ಅಭಿಮಾನಿಗಳು ಕಂಡುಹಿಡಿದರು. ಬರತೊಡಗಿದರು.

ಊರಿನವರಿಗೆ ಮೊದಲು ಹಿತವೆನಿಸಲಿಲ್ಲ. ಕಾರ್ಟೂನಿನ ಹುಚ್ಚು ಹಿಡಿಸಿಕೊಂಡವರನ್ನು ಜಪಾನಿನಲ್ಲಿ ‘ಒಟಾಕು’ ಎನ್ನುತ್ತಾರೆ. ೧೯೮೯ರಲ್ಲಿ ಪುಟ್ಟ ಹೆಣ್ಣುಮಕ್ಕಳ ಸರಣಿ ಕೊಲೆಯ ಆರೋಪಿಯೊಬ್ಬನ ಕೋಣೆಯಲ್ಲಿ ಸಾವಿರಾರು ವಿಡಿಯೋ ಕ್ಯಾಸೆಟ್ಟುಗಳ ರಾಶಿ ಸಿಕ್ಕಿದ ಮೇಲೆ ಆ ಪದಕ್ಕೆ ಅಂಟಿದ ಕಳಂಕ ಬಹಳ ಕಾಲ ಹೋಗಲಿಲ್ಲ. ಆ ಕೊಲೆಗಳು ನಡೆದದ್ದೂ ಸೈತಾಮಾ-ಟೋಕಿಯೋ ಸೀಮೆಯಲ್ಲೇ. ದೇವಸ್ಥಾನದ ಸುತ್ತ ಕ್ಯಾಮೆರಾ ಹಿಡಿದು ಸುಳಿದಾಡುವ ಅಪರಿಚಿತ ಯುವಕರನ್ನು ಕಂಡು ತಾಯಂದಿರು ಹುಬ್ಬುಗಂಟಿಕ್ಕಿದ್ದರೆ ತಪ್ಪು ಹೇಳುವಂತಿಲ್ಲ.

ಅಲ್ಲಿ ನಡೆದ ಒಂದು ಸಣ್ಣ ಕೆಲಸ ಮುಂದೆ ಜಪಾನಿನ ಎಷ್ಟೋ ಊರುಗಳಿಗೆ ಪಾಠವಾಯಿತು. ಪಟ್ಟಣದ ವರ್ತಕರ ಸಂಘದ ಸಿಬ್ಬಂದಿ ಪೊಲೀಸರಿಗೆ ಫೋನು ಮಾಡುವ ಬದಲು ಆ ಹುಡುಗರ ಬಳಿಗೇ ಹೋಗಿ ಮಾತಾಡಿಸಿದರು. ಎಲ್ಲಿಂದ ಬಂದಿರಿ, ಏಕೆ ಬಂದಿರಿ, ನಿಮಗೇನು ಬೇಕು? ಬೇಕಾಗಿದ್ದು ನೆನಪಿಗೆ ಒಯ್ಯಲು ಏನಾದರೊಂದು ವಸ್ತು, ಕೂರಲು ಒಂದು ಜಾಗ. ಪ್ರಕಾಶಕರ ಅನುಮತಿ ಪಡೆದು ಹರಕೆ ಹಲಗೆಯಾಕಾರದ ಫೋನ್ ಪಟ್ಟಿಗಳನ್ನು ಮಾಡಿ ಊರಿನ ಅಂಗಡಿಗಳಲ್ಲಿ ಹಂಚಿ ಮಾರಿದರು. ಡಿಸೆಂಬರಿನಲ್ಲಿ ಕಲಾವಿದರನ್ನು ಕರೆಸಿ ಸಮಾರಂಭ ನಡೆಸಿದರು. ೨೦೦೮ರ ಹೊಸವರ್ಷದ ಮೊದಲ ಮೂರು ದಿನಗಳಲ್ಲಿ ದೇವಾಲಯಕ್ಕೆ ೩ ಲಕ್ಷ ಜನ ಬಂದರು. ಹಿಂದಿನ ವರ್ಷಕ್ಕಿಂತ ಇದು ಎರಡು ಪಟ್ಟಿಗೂ ಹೆಚ್ಚು. ೨೦೧೧ರ ಹೊತ್ತಿಗೆ ಸಂಖ್ಯೆ ೪.೭ ಲಕ್ಷ ಮುಟ್ಟಿತು.

ಬಂದವರು ಬರಿಗೈಯಲ್ಲಿ ಹೋಗಲಿಲ್ಲ. ಶಿಂಟೋ ದೇಗುಲಗಳಲ್ಲಿ ಬೇಡಿಕೆ ಬರೆದು ತೂಗುಹಾಕುವ ‘ಎಮಾ’ ಎಂಬ ಮರದ ಹಲಗೆಗಳಿರುತ್ತವೆ. ಪರೀಕ್ಷೆ ಪಾಸಾಗಲಿ, ಮಗು ಚೆನ್ನಾಗಿರಲಿ ಎಂಬ ಹಲಗೆಗಳ ನಡುವೆ ಕಾರ್ಟೂನಿನ ಹುಡುಗಿಯರ ಚಂದದ ಚಿತ್ರಗಳು ತೂಗಾಡತೊಡಗಿದವು. ೨೦೦೮ರ ಸೆಪ್ಟೆಂಬರಿನ ಊರಹಬ್ಬದಲ್ಲಿ ಸಾಂಪ್ರದಾಯಿಕ ಅಡ್ಡಪಲ್ಲಕ್ಕಿಯ ಜೊತೆಗೆ ಲಕ್ಕಿ ಸ್ಟಾರ್ ಪಾತ್ರಗಳ ಚಿತ್ರ ಹೊತ್ತ ಇನ್ನೊಂದು ಪಲ್ಲಕ್ಕಿ ಹೊರಟಿತು. ಹೊರಲು ಹೆಗಲು ಕೊಟ್ಟವರು ಪರಊರಿನ ಅಭಿಮಾನಿಗಳು. ಪಲ್ಲಕ್ಕಿ ಹೊರುವ ಹುಡುಗರು ನಗರಕ್ಕೆ ಹೋಗಿಬಿಟ್ಟರು ಎಂದು ಕೊರಗುವ ಊರುಗಳಿಗೆ ಇದರ ಬೆಲೆ ಗೊತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾರ್ಟೂನು ಬರುವ ಮೊದಲು ಆ ಜಾಗಕ್ಕೆ ಬೆಲೆ ಇರಲಿಲ್ಲವೇ? ಇತ್ತು, ಆದರೆ ಅದನ್ನು ಉಳಿಸಿಕೊಂಡಿದ್ದವರು ಬೇರೆ. ಶಿಗಾ ಪ್ರಾಂತ್ಯದ ತೊಯೊಸಾತೊ ಎಂಬ ಸಣ್ಣ ಪಟ್ಟಣದ ಶಾಲೆಯ ಕಥೆ ಕೇಳಿದರೆ ಇದು ಅರ್ಥವಾಗುತ್ತದೆ.

ಫುರುಕಾವಾ ತೆತ್ಸುಜಿರೊ ಆ ಊರಿನವರು. ಮಾರುಬೆನಿ ಎಂಬ ವ್ಯಾಪಾರಿ ಸಂಸ್ಥೆಯಲ್ಲಿ ಮೇಲಕ್ಕೇರಿದವರು. ತಾವು ಓದಿದ ಪ್ರಾಥಮಿಕ ಶಾಲೆಗೆ ತಮ್ಮ ಆಸ್ತಿಯ ಬಹುಪಾಲನ್ನು ಕೊಟ್ಟು ೧೯೩೭ರಲ್ಲಿ ಹೊಸ ಕಟ್ಟಡ ಕಟ್ಟಿಸಿದರು. ನಕ್ಷೆ ಬರೆದವರು ವಿಲಿಯಂ ಮೆರೆಲ್ ವೋರೀಸ್. ಇಂಗ್ಲಿಷ್ ಕಲಿಸಲೆಂದು ೧೯೦೫ರಲ್ಲಿ ಅಮೆರಿಕದಿಂದ ಬಂದು, ಜಪಾನಿನಲ್ಲೇ ನೆಲೆಸಿ, ಕೊನೆಗೆ ಅಲ್ಲಿನ ಪ್ರಜೆಯೇ ಆದ ವಾಸ್ತುಶಿಲ್ಪಿ. ಮರದ ಮನೆಗಳ ನಡುವೆ ಬಿಳಿಯ ಕಾಂಕ್ರೀಟ್ ಕಟ್ಟಡ, ದೊಡ್ಡ ಗ್ರಂಥಾಲಯ, ಸಭಾಂಗಣ. ಹಳ್ಳಿಯ ಮಕ್ಕಳಿಗೆ ಅದೊಂದು ಅರಮನೆ. ಮೆಟ್ಟಿಲಿನ ಕೈಪಿಡಿಯ ಮೇಲೆ ಕಂಚಿನ ಪುಟ್ಟ ಆಮೆ, ಮೊಲಗಳನ್ನು ಕೂರಿಸಿದ್ದಾರೆ. ಕೆಳಗಿನ ಮಹಡಿಯಲ್ಲಿ ಎರಡೂ ಹೊರಡುತ್ತವೆ, ನಡುವೆ ಮೊಲ ಮಲಗುತ್ತದೆ, ಮೇಲೆ ತಲುಪುವ ಹೊತ್ತಿಗೆ ಗೆದ್ದಿರುವುದು ಆಮೆ. ಮೆಟ್ಟಿಲು ಹತ್ತುತ್ತಲೇ ಮಗು ನೀತಿಕಥೆ ಓದಿಬಿಡುತ್ತದೆ.

ಅರವತ್ತು ವರ್ಷ ಕಳೆಯಿತು. ಭೂಕಂಪಕ್ಕೆ ತಡೆಯದು, ಹಳೆಯದಾಯಿತು, ಕೆಡವಿ ಹೊಸದು ಕಟ್ಟೋಣ ಎಂದು ಪಟ್ಟಣದ ಆಡಳಿತ ತೀರ್ಮಾನಿಸಿತು. ಊರಿನ ಒಂದು ಭಾಗ ತಿರುಗಿಬಿತ್ತು. ನ್ಯಾಯಾಲಯ ಕೆಡವಬಾರದೆಂದು ತಡೆ ನೀಡಿತು. ಆದರೂ ೨೦೦೨ರ ಡಿಸೆಂಬರಿನಲ್ಲಿ ಕೆಲಸಗಾರರು ಬಂದು ಕಿಟಕಿ ಗಾಜುಗಳನ್ನು ಒಡೆಯತೊಡಗಿದರು. ಹಳೆಯ ವಿದ್ಯಾರ್ಥಿಗಳು, ಅಂದರೆ ಅಜ್ಜ ಅಜ್ಜಿಯರು, ಅಡ್ಡ ನಿಂತರು. ದೇಶವಿಡೀ ಟಿ.ವಿ.ಯಲ್ಲಿ ಅದನ್ನು ನೋಡಿತು. ಮೇಯರ್ ಹಿಂದೆ ಸರಿದು, ಹಳೆಯದನ್ನು ಉಳಿಸಿ ಹೊಸ ಶಾಲೆಯನ್ನು ಬೇರೆ ಕಟ್ಟಲು ಒಪ್ಪಿದರು. ಮುಂದಿನ ಮಾರ್ಚಿನಲ್ಲಿ ಜನ ಮತಹಾಕಿ ಅವರನ್ನು ಪದಚ್ಯುತಗೊಳಿಸಿದರು. ಏಪ್ರಿಲ್‌ನ ಚುನಾವಣೆಯಲ್ಲಿ ಅದೇ ಜನ ಅವರನ್ನೇ ಮತ್ತೆ ಆರಿಸಿದರು! ಊರು ಎಷ್ಟರ ಮಟ್ಟಿಗೆ ಎರಡಾಗಿ ಸೀಳಿತ್ತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಉಳಿದ ಕಟ್ಟಡದಲ್ಲಿ ಮಕ್ಕಳಿಲ್ಲ. ದುರಸ್ತಿಯಾಯಿತು. ಇನ್ನು ಏನು ಮಾಡುವುದು? ಅಷ್ಟರಲ್ಲಿ, ೨೦೦೯ರ ಏಪ್ರಿಲಿನಲ್ಲಿ, ‘ಕೆ-ಆನ್!’ ಎಂಬ ಧಾರಾವಾಹಿ ಶುರುವಾಯಿತು. ಸಂಗೀತ ಸಂಘದ ಹೆಸರಿನಲ್ಲಿ ಕೂಡಿ, ಗಿಟಾರ್ ಅಭ್ಯಾಸಕ್ಕಿಂತ ಹೆಚ್ಚಾಗಿ ಚಹಾ ಕುಡಿದು ಕೇಕ್ ತಿನ್ನುವ ಹೈಸ್ಕೂಲು ಹುಡುಗಿಯರ ಕಥೆ. ಅದರ ಶಾಲೆಯ ಮೆಟ್ಟಿಲಲ್ಲಿ ಒಂದು ಆಮೆ ಕೂತಿತ್ತು! ಅಭಿಮಾನಿಗಳಿಗೆ ಅಷ್ಟು ಸಾಕಾಯಿತು. ಬಂದರು, ಮೂರನೆಯ ಮಹಡಿಯ ಕೋಣೆ ಹುಡುಕಿದರು. ಚಿತ್ರದಲ್ಲಿದ್ದಂತೆಯೇ ಮೇಜುಗಳನ್ನು ಜೋಡಿಸಿ, ಅದೇ ನಮೂನೆಯ ಕಪ್ಪು ಬಸಿಗಳನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದಿಟ್ಟರು. ಕಟ್ಟಡದಲ್ಲೀಗ ಪಟ್ಟಣದ ಗ್ರಂಥಾಲಯವೂ ಇದೆ. ಕೆಡವಬಾರದೆಂದು ಅಡ್ಡ ನಿಂತ ಮುದುಕರಿಗೆ ಗಿಟಾರಿನ ಹುಡುಗಿಯರ ಗೊಡವೆ ಇರಲಿಲ್ಲ. ಚಹಾ ಕಪ್ಪು ತಂದಿಟ್ಟ ಹುಡುಗರಲ್ಲಿ ಬಹುಮಂದಿಗೆ ಒಡೆದ ಕಿಟಕಿಗಳ ನೆನಪಿಲ್ಲ. ಆದರೂ ಒಬ್ಬರಿಲ್ಲದಿದ್ದರೆ ಇನ್ನೊಬ್ಬರಿಗೆ ಹತ್ತಲು ಮೆಟ್ಟಿಲೇ ಇರುತ್ತಿರಲಿಲ್ಲ.

ಲಕ್ಕಿ ಸ್ಟಾರ್, ಕೆ-ಆನ್ ಎರಡನ್ನೂ ತಯಾರಿಸಿದ್ದು ಕ್ಯೋಟೋ ಅನಿಮೇಶನ್ ಎಂಬ ಸ್ಟುಡಿಯೋ. ೨೦೧೯ರ ಜುಲೈ ೧೮ರಂದು ವ್ಯಕ್ತಿಯೊಬ್ಬ ಅಲ್ಲಿಗೆ ನುಗ್ಗಿ ಪೆಟ್ರೋಲ್ ಸುರಿದು ಬೆಂಕಿ ಇಟ್ಟ. ೩೬ ಮಂದಿ ಸತ್ತರು. ಲಕ್ಕಿ ಸ್ಟಾರ್ ನಿರ್ದೇಶಿಸಿದ ಯಾಸುಹಿರೊ ತಾಕೆಮೊತೊ ಅವರಲ್ಲೊಬ್ಬರು. ಮೆಟ್ಟಿಲನ್ನೂ ದೇಗುಲದ ಹೆಬ್ಬಾಗಿಲನ್ನೂ ಅಷ್ಟು ಆಸ್ಥೆಯಿಂದ ನೋಡಿದ ಕಣ್ಣುಗಳಲ್ಲಿ ಕೆಲವು ಈಗ ಇಲ್ಲ. ಅವು ಕಂಡ ಕೋನದಲ್ಲಿ ನಿಂತು ನೋಡುವುದಕ್ಕೆ ಅಂದಿನಿಂದ ಇನ್ನೊಂದು ಅರ್ಥ ಸೇರಿಕೊಂಡಿತು.

ಇದ್ದದ್ದನ್ನು ಬರೆಯುವುದು ಒಂದು ಕಡೆಯಾದರೆ, ಇಲ್ಲದ್ದನ್ನು ಬರೆದು ಇರುವಂತೆ ಮಾಡಿದ್ದೂ ಉಂಟು. ಕನಝಾವಾ ನಗರದ ಹೊರಗೆ ಬೆಟ್ಟದ ನಡುವೆ ಯುವಾಕು ಎಂಬ ಬಿಸಿನೀರಿನ ಬುಗ್ಗೆಗಳ ಪುಟ್ಟ ಊರಿದೆ. ೨೦೦೮ರ ಜುಲೈನಲ್ಲಿ ಅಸಾನೊ ನದಿಯ ಪ್ರವಾಹ ಅದನ್ನು ಕಂಗೆಡಿಸಿತ್ತು. ೨೦೧೧ರ ‘ಹನಸಾಕು ಇರೋಹಾ’ ಧಾರಾವಾಹಿ ಆ ಊರನ್ನು ಮಾದರಿಯಾಗಿಟ್ಟುಕೊಂಡು, ಅಜ್ಜಿಯ ಛತ್ರದಲ್ಲಿ ದುಡಿಯಲು ಟೋಕಿಯೋದಿಂದ ಬರುವ ಹುಡುಗಿಯ ಕಥೆ ಹೇಳಿತು. ಕಥೆಯಲ್ಲೊಂದು ಹಬ್ಬ ಬರುತ್ತದೆ. ಹತ್ತನೆಯ ತಿಂಗಳಲ್ಲಿ ದೇವರುಗಳೆಲ್ಲ ಇಝುಮೊ ಕ್ಷೇತ್ರದಲ್ಲಿ ಸೇರುತ್ತಾರೆಂಬುದು ಜಪಾನಿನ ಹಳೆಯ ನಂಬಿಕೆ. ಊರಿನ ಪುಟ್ಟ ದೇವತೆಗೆ ದಾರಿ ತಪ್ಪದಿರಲೆಂದು ಬೀದಿಯುದ್ದಕ್ಕೂ ‘ಬೊಂಬೊರಿ’ ಎಂಬ ಕಾಗದದ ದೀಪಗಳನ್ನು ಹಚ್ಚುತ್ತಾರೆ. ನಂಬಿಕೆ ಹಳೆಯದು, ಹಬ್ಬ ಮಾತ್ರ ಕಥೆಗಾರರ ಕಲ್ಪನೆ. ಅದೇ ವರ್ಷ ಅಕ್ಟೋಬರಿನಲ್ಲಿ ಯುವಾಕು ಜನ ಆ ಹಬ್ಬವನ್ನು ನಿಜವಾಗಿಯೇ ಆಚರಿಸಿದರು. ಅರ್ಚಕರು ಬಂದರು, ದೀಪ ಹಚ್ಚಿದರು, ಜನರು ಬರೆದ ಹರಕೆ ಚೀಟಿಗಳನ್ನು ಅಗ್ನಿಗೆ ಅರ್ಪಿಸಿದರು. ಮತ್ತೆ ಮುಂದಿನ ವರ್ಷ, ಅದರ ಮುಂದಿನ ವರ್ಷ. ಇದು ಸುಳ್ಳು ಹಬ್ಬವೇ ಎಂದು ಕೇಳುವವರಿಗೆ, ಎಲ್ಲ ಹಬ್ಬಕ್ಕೂ ಒಂದು ಮೊದಲ ವರ್ಷ ಇದ್ದೇ ಇರುತ್ತದೆ ಎಂದಷ್ಟೇ ಹೇಳಬಹುದು.

೨೦೧೧ರ ಮಾರ್ಚ್ ೧೧ರ ಸುನಾಮಿಯ ದಿನ ಓಅರಾಯ್ ಬಂದರಿನ ಹೊರಗೆ ಸಮುದ್ರ ಬೃಹತ್ ಸುಳಿಯಾಗಿ ತಿರುಗಿದ್ದನ್ನು ಟಿ.ವಿ.ಯಲ್ಲಿ ಕಂಡವರಿಗೆ ನೆನಪಿರಬಹುದು. ಮರುವರ್ಷ ಅದೇ ಊರಿನ ಬೀದಿಗಳಲ್ಲಿ ಹುಡುಗಿಯರು ಟ್ಯಾಂಕು ಓಡಿಸುವ ‘ಗರ್ಲ್ಸ್ ಉಂಡ್ ಪಾಂಜರ್’ ಎಂಬ ವಿಚಿತ್ರ ಧಾರಾವಾಹಿ ಬಂತು. ತಮ್ಮ ಊರಿನ ವಸತಿಗೃಹಕ್ಕೆ ಟ್ಯಾಂಕು ಗುದ್ದಿದ್ದನ್ನು ಕಂಡು ಊರಿನವರು ಸಂತೋಷಪಟ್ಟರು! ೨೦೧೩ರ ಚಳಿಗಾಲದ ಮೀನುಹಬ್ಬಕ್ಕೆ ಸುಮಾರು ೧ ಲಕ್ಷ ಜನ. ಅಂಗಡಿಗಳ ಮುಂದೆ ಒಬ್ಬೊಬ್ಬ ಹುಡುಗಿಯ ಆಳೆತ್ತರದ ಚಿತ್ರ ನಿಂತಿತು.

ಎಲ್ಲ ಕಡೆ ಹೀಗೆ ಸುಖಾಂತವಲ್ಲ. ಮತ್ತೆ ಕಾಮಾಕುರಾದ ಗೇಟಿಗೆ ಬಂದರೆ, ಅಲ್ಲಿ ಮಾರುವುದಕ್ಕೆ ಅಂಗಡಿಸಾಲಿಲ್ಲ, ಹೊರಿಸುವುದಕ್ಕೆ ಪಲ್ಲಕ್ಕಿಯಿಲ್ಲ. ಇರುವುದು ಮನೆಗಳು, ಶಾಲೆ, ಸಮುದ್ರದ ಪಕ್ಕದಲ್ಲೇ ವಾಹನ ದಟ್ಟಣೆಯ ರಸ್ತೆ. ಫೋಟೋ ಹಿಡಿಯುವ ಭರದಲ್ಲಿ ರಸ್ತೆಗಿಳಿಯುವವರು, ಪರರ ಅಂಗಳಕ್ಕೆ ಕಾಲಿಡುವವರು, ಕಸ ಬಿಸಾಡುವವರು. ನಗರಾಡಳಿತ ಹಲವು ಭಾಷೆಗಳ ಫಲಕ ಹಾಕಿ, ಕಾವಲುಗಾರರನ್ನು ನಿಲ್ಲಿಸಬೇಕಾಯಿತು. ಬಂದವರು ಹತ್ತು ನಿಮಿಷ ನಿಂತು, ಫೋಟೋ ತೆಗೆದು, ಮುಂದಿನ ರೈಲು ಹತ್ತುತ್ತಾರೆ. ಗದ್ದಲ ಮಾತ್ರ ನಿವಾಸಿಗಳಿಗೆ ಉಳಿಯುತ್ತದೆ. ವಾಶಿಮಿಯಾದಲ್ಲಿ ಬಂದವನನ್ನು ಮಾತಾಡಿಸಲು ಒಬ್ಬರಿದ್ದರು. ಇಲ್ಲಿ ಗುಂಪು ದೊಡ್ಡದು, ಭಾಷೆ ಬೇರೆ, ಮಾತಾಡಿಸಲು ಪುರುಸೊತ್ತು ಯಾರಿಗೂ ಇಲ್ಲ. ಇದಕ್ಕೆ ಚಿತ್ರಕಾರನನ್ನು ದೂರುವುದು ಹೇಗೆ?

ಸರ್ಕಾರ, ಉದ್ಯಮಗಳಿಗೆ ಇದರ ಲಾಭ ಕಾಣದಿರಲಿಲ್ಲ. ೨೦೧೬ರಲ್ಲಿ ಅನಿಮೆ ಪ್ರವಾಸೋದ್ಯಮಕ್ಕೆಂದೇ ಒಂದು ಸಂಘ ಹುಟ್ಟಿತು. ಅಭಿಮಾನಿಗಳ ಮತ ಪಡೆದು ೨೦೧೭ರಲ್ಲಿ ಕ್ಷೇತ್ರಗಳ ಮೊದಲ ಪಟ್ಟಿ ಹೊರಡಿಸಿತು. ಎಷ್ಟು ಕ್ಷೇತ್ರಗಳೆಂದು ಬೇರೆ ಹೇಳಬೇಕೇ? ಶಿಕೋಕು ಯಾತ್ರೆಯ ಲೆಕ್ಕದಂತೆ ೮೮! ಹುಡುಕುವುದರಲ್ಲಿದ್ದ ಖುಷಿ ಪಟ್ಟಿ ಓದುವುದರಲ್ಲಿ ಸಿಗುವುದು ಕಷ್ಟ. ಹಳೆಯ ಯಾತ್ರಿಕರಲ್ಲಿ ಕೆಲವರಾದರೂ ಮೂಗು ಮುರಿದಿದ್ದರೆ ಆಶ್ಚರ್ಯವಿಲ್ಲ.

ವಾಶಿನೊಮಿಯಾದಲ್ಲಿ ಕಾರ್ಟೂನಿನ ಆರಂಭದಲ್ಲಿ ಕಾಣುತ್ತಿದ್ದ ಮರದ ಹೆಬ್ಬಾಗಿಲು ೨೦೧೮ರ ಆಗಸ್ಟಿನಲ್ಲಿ ಒಳಗೆ ಕೊಳೆತು ಕುಸಿದುಬಿತ್ತು. ಯಾರಿಗೂ ಪೆಟ್ಟಾಗಲಿಲ್ಲ. ೨೦೨೧ರ ಕೊನೆಯಲ್ಲಿ ಅದೇ ಜಾಗದಲ್ಲಿ ಹೊಸದು ಎದ್ದಿತು. ಹನಸಾಕು ಇರೋಹಾದ ಹುಡುಗಿ ರೈಲಿಳಿಯುವ ‘ಯುನೊಸಾಗಿ’ ನಿಲ್ದಾಣಕ್ಕೆ ಮಾದರಿಯಾಗಿದ್ದು ನೊಟೊ ಪರ್ಯಾಯದ್ವೀಪದ ನಿಶಿಗಿಶಿ ಎಂಬ ಸಣ್ಣ ನಿಲ್ದಾಣ. ಅಲ್ಲಿನ ರೈಲ್ವೆಯವರು ನಿಜವಾದ ಹೆಸರಿನ ಫಲಕದ ಜೊತೆಗೆ ಕಥೆಯ ಹೆಸರಿನ ಫಲಕವನ್ನೂ ಹಾಕಿದ್ದರು. ೨೦೨೪ರ ಜನವರಿ ೧ರಂದು ಭೂಕಂಪ ನೊಟೊವನ್ನು ಕೆಡವಿ ಹಾಕಿತು. ಹಳಿಗಳು ಬಾಗಿ ರೈಲು ನಿಂತಿತು. ಫೆಬ್ರವರಿಯಲ್ಲಿ ಅರ್ಧ ದಾರಿ, ಏಪ್ರಿಲ್ ೬ರಂದು ಉಳಿದದ್ದೂ ತೆರೆಯಿತು. ಅಂದಿನಿಂದ ನಿಶಿಗಿಶಿಯಲ್ಲಿ ಮತ್ತೆ ರೈಲು ನಿಲ್ಲುತ್ತಿದೆ.